ನಿಂಬೆ ನೆಡುವ ಕಾಲ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ನೀರು ಮತ್ತು ಋತುವಿನ ಲೆಕ್ಕ

ನಿಂಬೆ, ಹೆರಳೆ, ಮಾದಲ, ಚಕ್ಕೋತ, ಕಿತ್ತಳೆ, ಮೂಸಂಬಿ ಮುಂತಾದ ನಿಂಬೆ ಜಾತಿಯ ಗಿಡಗಳನ್ನು ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ನೆಡಲು ಯಾವ ಕಾಲ ತಕ್ಕದ್ದು ಎಂಬ ಪ್ರಶ್ನೆಗೆ ತೋಟಗಾರಿಕೆಯ ಕೈಪಿಡಿಗಳು ಸಾಮಾನ್ಯವಾಗಿ ಮಳೆಗಾಲದ ಆರಂಭ ಎಂಬ ಒಂದೇ ಉತ್ತರವನ್ನು ಕೊಡುತ್ತವೆ. ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಸೀಮೆಯಲ್ಲಿ ಮಳೆಯೇ ಎರಡು ಕಂತುಗಳಲ್ಲಿ ಬರುವುದರಿಂದಲೂ, ಮೊದಲ ಮಳೆ ಬೀಳುವ ಕಾಲಕ್ಕೂ ಕೆರೆ ತುಂಬುವ ಕಾಲಕ್ಕೂ ನಡುವೆ ಹಲವು ತಿಂಗಳ ಅಂತರವಿರುವುದರಿಂದಲೂ, ಆ ಉತ್ತರ ಇಲ್ಲಿ ಎಂದೂ ಪೂರ್ಣವಾಗಿರಲಿಲ್ಲ. ನೆಟ್ಟ ಗಿಡಕ್ಕೆ ಮುಂದಿನ ಬೇಸಿಗೆ ಕಳೆಯುವವರೆಗೆ ನೀರು ಎಲ್ಲಿಂದ ಬರುತ್ತದೆ ಎಂಬ ಲೆಕ್ಕವೇ ಈ ಸೀಮೆಯಲ್ಲಿ ನಾಟಿಯ ಕಾಲವನ್ನು ನಿರ್ಧರಿಸುತ್ತ ಬಂದಿದೆ. ನೀರಿನ ಮೂಲ ಮಳೆಯಿಂದ ಕೆರೆಗೆ, ಕೆರೆಯಿಂದ ಬಾವಿಗೆ, ಬಾವಿಯಿಂದ ಕೊಳವೆಬಾವಿಗೂ ನಾಲೆಗೂ ಹೊರಳಿದಂತೆ ಆ ಕಾಲವೂ ಸ್ಥಳ ಬದಲಿಸಿದೆ. ಹೀಗಾಗಿ ನಿಂಬೆ ಗಿಡದ ನಾಟಿಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಬಯಲುಸೀಮೆಯ ನೀರಿನ ಇತಿಹಾಸವೇ ಆಗಿದೆ.

ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಈ ಪ್ರದೇಶ ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ಮಳೆಗಾಳಿ ಮಲೆನಾಡಿನಲ್ಲಿ ಬಹುಪಾಲು ಸುರಿದು ಬರಿದಾದ ಮೇಲೆ ಇಲ್ಲಿಗೆ ತಲುಪುವುದರಿಂದ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮೋಡ, ಜೋರುಗಾಳಿ ಮತ್ತು ತುಂತುರು ಮಳೆಯೇ ಹೆಚ್ಚು. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಗುಡುಗುಸಹಿತ ಮಳೆಗಳು ಬಂದುಹೋಗಿರುತ್ತವೆ. ವರ್ಷದ ದೊಡ್ಡ ಮಳೆಗಳು ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳಲ್ಲಿ. ನವೆಂಬರ್ ಕಳೆದರೆ ಏಪ್ರಿಲ್‌ವರೆಗೆ ಲೆಕ್ಕಕ್ಕೆ ಸಿಗುವಂಥ ಮಳೆ ಅಪರೂಪ. ಆದ್ದರಿಂದ ಹೊಸದಾಗಿ ನೆಟ್ಟ ಗಿಡವೊಂದು ಇಲ್ಲಿ ಬದುಕುಳಿಯುವುದೆಂದರೆ, ಬೇರು ಆಳಕ್ಕಿಳಿಯುವ ಮೊದಲೇ ಎದುರಾಗುವ ಐದಾರು ತಿಂಗಳ ಒಣಗಾಲವನ್ನು ದಾಟುವುದೆಂದೇ ಅರ್ಥ.

ಈ ಮಳೆಗಳನ್ನು ರೈತರು ಇಂಗ್ಲಿಷ್ ತಿಂಗಳುಗಳಿಂದಲ್ಲ, ಸೂರ್ಯ ಹಾದುಹೋಗುವ ನಕ್ಷತ್ರಗಳಿಂದ ಗುರುತಿಸುತ್ತ ಬಂದಿದ್ದಾರೆ. ಒಂದೊಂದು ನಕ್ಷತ್ರದಲ್ಲಿ ಸೂರ್ಯ 13 ಅಥವಾ 14 ದಿನ ಇರುತ್ತಾನೆಂಬ ಎಣಿಕೆಯಂತೆ ಏಪ್ರಿಲ್ ಮಧ್ಯದ ಅಶ್ವಿನಿ ಮಳೆಯಿಂದ ಆರಂಭವಾಗಿ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಮುಂಗಾರಿನ ಮುನ್ಸೂಚನೆಯಾಗಿ ಬರುತ್ತವೆ. ಜೂನ್ ಎರಡನೆಯ ವಾರದಿಂದ ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷಗಳು ಒಂದರ ಹಿಂದೊಂದು ನಡೆದು, ಆಗಸ್ಟ್ ಮಧ್ಯದ ಮಘೆಯನ್ನು ದಾಟಿ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳ ದೊಡ್ಡ ಘಟ್ಟ ತೆರೆದುಕೊಳ್ಳುತ್ತದೆ. ಯುಗಾದಿಯಂದು ನಡೆಯುವ ಪಂಚಾಂಗ ಶ್ರವಣದಲ್ಲಿ ಯಾವ ಮಳೆ ಎಷ್ಟು ಎಂಬುದನ್ನು ಕೇಳಿಸಿಕೊಳ್ಳುವುದು, ಹೊನ್ನಾರು ಕಟ್ಟಿ ಹೊಲದಲ್ಲಿ ಶಾಸ್ತ್ರಕ್ಕೆ ಮೊದಲ ಗೆರೆ ಎಳೆಯುವುದು ಈ ಎಣಿಕೆಯ ಸಾಮಾಜಿಕ ರೂಪಗಳು. ರಾಗಿ, ಅವರೆ, ಹುರುಳಿಗಳಿಗೆ ಸಲ್ಲುತ್ತಿದ್ದ ಇದೇ ಎಣಿಕೆ ಗಿಡಮರಗಳ ನಾಟಿಗೂ ಸಂದಿತು. ಒಂದು ವ್ಯತ್ಯಾಸವೆಂದರೆ, ಬೀಜ ಹುಸಿಯಾದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ವರ್ಷಕಾಲ ಸಾಕಿದ ಸಸಿ ಒಣಗಿಹೋದರೆ ನಷ್ಟವಾಗುವುದು ಪೂರ್ತಿ ಒಂದು ವರ್ಷ.

ನಿಂಬೆ ಜಾತಿಯ ಗಿಡದ ಸ್ವಭಾವವೂ ಈ ಎಚ್ಚರಿಕೆಯನ್ನು ಬೇಡುತ್ತದೆ. ಅದು ನಿತ್ಯಹಸಿರಿನ ಗಿಡವಾದ್ದರಿಂದ ಎಲೆ ಉದುರಿಸಿ ನಿದ್ರಿಸುವ ಕಾಲವೆಂಬುದು ಅದಕ್ಕಿಲ್ಲ. ಬೇರು ಕಡಿದ ದಿನವೂ ಎಲೆಗಳು ನೀರನ್ನು ಹೊರಗೆ ಬಿಡುತ್ತಲೇ ಇರುತ್ತವೆ. ನೀರು ಹೀರುವ ಎಳೆಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನ ಎರಡು ಅಡಿಯೊಳಗೇ ಹರಡಿಕೊಂಡಿದ್ದು, ಕೀಳುವಾಗ ಮೊದಲು ಹರಿಯುವುದೂ ಅವೇ. ವರ್ಷದಲ್ಲಿ ಮುಖ್ಯವಾಗಿ ಮೂರು ಸಲ, ಅಂದರೆ ಫೆಬ್ರವರಿ ಸುಮಾರಿಗೆ, ಜೂನ್–ಜುಲೈನಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗಿಡ ಹೊಸ ಚಿಗುರು ತಳೆಯುತ್ತದೆ. ಹೂ ಬಿಡುವ ಸರದಿಗಳೂ ಹೆಚ್ಚುಕಡಿಮೆ ಇವನ್ನೇ ಅನುಸರಿಸುವುದರಿಂದ ಬೆಳೆಗಾರರು ಅವನ್ನು ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ ಎಂದು ಕರೆಯುತ್ತಾರೆ. ಚಿಗುರು ಎಳೆಯದಾಗಿರುವಾಗ ಕಿತ್ತರೆ ಅದು ಬಾಡಿ ಉದುರುತ್ತದೆ. ಚಿಗುರು ಬಲಿತು ಎಲೆ ಗಡುಸಾದ ಮೇಲೆ, ಮುಂದಿನ ಚಿಗುರು ಹೊರಡುವ ಮುನ್ನ ಸಿಗುವ ಬಿಡುವಿನಲ್ಲಿ ಬೇರು ಹೊಸದಾಗಿ ಒಡೆಯಲು ಅವಕಾಶ ಹೆಚ್ಚು. ಹಾಗಾಗಿ ನೆಡುವವನು ಆಕಾಶದ ಮಳೆಯನ್ನೂ ಗಿಡದ ಚಿಗುರನ್ನೂ ಒಟ್ಟಿಗೆ ಹೊಂದಿಸಬೇಕಾಗುತ್ತಿತ್ತು.

ಈ ಹೊಂದಾಣಿಕೆ ಹಳೆಯ ಗ್ರಂಥಗಳ ಗಮನಕ್ಕೂ ಬಂದಿತ್ತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದದ ಅಧ್ಯಾಯವಿದ್ದು, ಅದು ನೆಲದಡಿಯ ನೀರನ್ನು ಪತ್ತೆಹಚ್ಚುವ ಅಧ್ಯಾಯದ ಬೆನ್ನಿಗೇ ಬರುತ್ತದೆ. ಕೊಂಬೆ ಒಡೆಯದ ಗಿಡಗಳನ್ನು ಶಿಶಿರದಲ್ಲಿ, ಕೊಂಬೆ ಒಡೆದವನ್ನು ಚಳಿಗಾಲದ ಆರಂಭದಲ್ಲಿ, ದೊಡ್ಡ ಬೊಡ್ಡೆಯವನ್ನು ಮಳೆಗಾಲದ ಆರಂಭದಲ್ಲಿ ಸ್ಥಳಾಂತರಿಸಬೇಕೆಂದು ಅದು ವಿಧಿಸುತ್ತದೆ. ಎಂದರೆ ಎಲ್ಲ ಗಿಡಕ್ಕೂ ಒಂದೇ ಋತುವನ್ನು ಹೇಳದೆ, ಗಿಡದ ವಯಸ್ಸಿಗೆ ತಕ್ಕಂತೆ ಋತುವನ್ನು ಹಂಚುತ್ತದೆ. ದಿಕ್ಕು ತಪ್ಪದಂತೆ ನೆಡಬೇಕೆಂಬ ಸೂಚನೆಯೂ ಅಲ್ಲಿದ್ದು, ಮೊದಲು ಯಾವ ಮಗ್ಗುಲು ಯಾವ ದಿಕ್ಕಿಗಿತ್ತೋ ಹಾಗೆಯೇ ಇಡಬೇಕೆಂದು ಅದನ್ನು ಅರ್ಥೈಸುವುದುಂಟು. ಮರಗಳ ನಡುವೆ 20 ಹಸ್ತದ ಅಂತರ ಉತ್ತಮ, 16 ಮಧ್ಯಮ, 12 ಕನಿಷ್ಠ ಎನ್ನುತ್ತದೆ ಆ ಗ್ರಂಥ. ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ ಕನಿಷ್ಠ ಅಂತರ 18 ಅಡಿಯಾಗುತ್ತದೆ. ನಿಂಬೆಗೆ ಇಂದು ಶಿಫಾರಸು ಮಾಡುವ 5ರಿಂದ 6 ಮೀಟರ್ ಅಂತರಕ್ಕೆ ಇದು ಬಲು ಸಮೀಪದ ಅಳತೆ.

ಅದೇ ಅಧ್ಯಾಯ ಬೀಜಪೂರಕವನ್ನು, ಅಂದರೆ ಕನ್ನಡದ ಮಾದಲವನ್ನು ಎರಡು ಕಡೆ ಹೆಸರಿಸುತ್ತದೆ. ಕೊಂಬೆಯನ್ನು ಕತ್ತರಿಸಿ ಸಗಣಿ ಬಳಿದು ನೆಡಬಹುದಾದ ಗಿಡಗಳ ಸಾಲಿನಲ್ಲಿ ಒಮ್ಮೆ, ನೀರು ಸಮೃದ್ಧವಾಗಿರುವ ಅನೂಪ ದೇಶದಲ್ಲಿ ಬೆಳೆಯುವ 16 ಮರಗಳ ಪಟ್ಟಿಯಲ್ಲಿ ಇನ್ನೊಮ್ಮೆ ಅದರ ಉಲ್ಲೇಖವಿದೆ. ಮಾದಲ ಕಡ್ಡಿಯಿಂದ ಸುಲಭವಾಗಿ ಬೇರೂರುತ್ತದೆ ಎಂಬುದನ್ನು ಇಂದಿನ ತೋಟಗಾರಿಕೆಯೂ ಒಪ್ಪುತ್ತದೆ. ಕನ್ನಡದಲ್ಲಿ ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ಲೋಕೋಪಕಾರ ಅಂತರ್ಜಲದ ಕುರುಹುಗಳನ್ನೂ ವೃಕ್ಷಾಯುರ್ವೇದವನ್ನೂ ಒಂದೇ ಕೃತಿಯಲ್ಲಿ ಸೇರಿಸಿ, ನೀರಿನ ವಿಚಾರ ಮೊದಲು, ಗಿಡದ ವಿಚಾರ ಆಮೇಲೆ ಎಂಬ ಪರಂಪರೆಯನ್ನು ನಾಡಭಾಷೆಗೆ ತಂದಿತು. ಬಯಲುಸೀಮೆ ಅನೂಪ ದೇಶವಲ್ಲ. ಆದರೆ ಕೆರೆ ಕಟ್ಟಿ, ಏರಿಯ ಕೆಳಗೆ ಅಚ್ಚುಕಟ್ಟು ತೆಗೆದಾಗ ಅಲ್ಲಿ ಮನುಷ್ಯ ನಿರ್ಮಿಸಿದ ಸಣ್ಣ ಅನೂಪವೊಂದು ಸಿದ್ಧವಾಗುತ್ತಿತ್ತು, ಮಾದಲ, ಹೆರಳೆ, ಹಲಸುಗಳಿಗೆ ಅಲ್ಲಿ ನೆಲೆ ದೊರೆಯುತ್ತಿತ್ತು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿಯುವ ಶಿಂಷಾ ನದಿ ಇಂಥ ನೆಲೆಗಳಿಗೆ ಮುಖ್ಯ ಆಧಾರ. ಗುಬ್ಬಿ ತಾಲ್ಲೂಕಿನಲ್ಲಿ ಅದಕ್ಕೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆ, ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಶಿಂಷೆಗೆ ಕಟ್ಟಿದ, ಹೆಚ್ಚಿನ ನೀರನ್ನು ತಾನಾಗಿಯೇ ಹೊರಹಾಕುವ ಸೈಫನ್ ವ್ಯವಸ್ಥೆಯುಳ್ಳ ಮಾರ್ಕೋನಹಳ್ಳಿ ಜಲಾಶಯ, ಇವುಗಳ ಸುತ್ತ ತೋಟಗಳು ಬೆಳೆದವು. ದಾನಶಾಸನಗಳು ಭೂಮಿಯನ್ನು ಗದ್ದೆ, ಬೆದ್ದಲು, ತೋಟ, ತುಡಿಕೆ ಎಂದು ಹೆಸರಿಸುವಾಗ, ಮಳೆ ನಂಬಿದ ಬೇಸಾಯವನ್ನು ಕಾಡಾರಂಭವೆಂದೂ ನೀರಾವರಿಯ ಬೇಸಾಯವನ್ನು ನೀರಾರಂಭವೆಂದೂ ಬೇರ್ಪಡಿಸುತ್ತವೆ. ಮುಂದೆ ಮೈಸೂರಿನ ಕಂದಾಯ ದಾಖಲೆಗಳಲ್ಲಿ ಇದೇ ಭೇದ ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ವರ್ಗಗಳಾಗಿ ನಿಂತಿತು. ಖುಷ್ಕಿ ಮಳೆಯಾಶ್ರಿತ ಹೊಲ, ತರಿ ಕೆರೆ ಕಾಲುವೆಯ ಗದ್ದೆ, ಬಾಗಾಯ್ತು ತೋಟದ ಜಮೀನು. ಪಹಣಿಯಲ್ಲಿ ಇಂದಿಗೂ ಉಳಿದಿರುವ ಈ ವರ್ಗೀಕರಣ ತೆರಿಗೆಯದ್ದಾದರೂ, ಯಾವ ನೆಲದಲ್ಲಿ ಯಾವಾಗ ಗಿಡ ನೆಡಬಹುದು ಎಂಬುದನ್ನೂ ಅದು ಪರೋಕ್ಷವಾಗಿ ಹೇಳುತ್ತದೆ.

ಖುಷ್ಕಿ ನೆಲದ ಅಂಚಿನಲ್ಲೋ ಬದುವಿನಲ್ಲೋ ನಿಂಬೆ ನೆಡುವವನಿಗೆ ಮಳೆಯ ಹೊರತು ಬೇರೆ ನೀರಿರಲಿಲ್ಲವಾದ್ದರಿಂದ, ಮೃಗಶಿರ ಅಥವಾ ಆರಿದ್ರೆಯ ಹೊತ್ತಿಗೆ ನೆಲ ನೆನೆದ ಕೂಡಲೆ ನೆಡುವುದೇ ಸರಿಯಾದ ಕ್ರಮವಾಗಿತ್ತು. ಆಗ ಬೀಳುವ ಮಳೆ ಹೆಚ್ಚಲ್ಲದಿದ್ದರೂ ಮೋಡ ಕವಿದ ತಂಪು ಹವೆಯಲ್ಲಿ ಎಲೆಯಿಂದ ಆರುವ ನೀರು ಕಡಿಮೆ. ಎರಡು ತಿಂಗಳಲ್ಲಿ ಬೇರು ಹಿಡಿದ ಗಿಡ ಉತ್ತರೆ, ಹಸ್ತದ ದೊಡ್ಡ ಮಳೆಯನ್ನು ಪೂರ್ತಿ ಬಳಸಿಕೊಂಡು ಬೇಸಿಗೆಗೆ ಸಿದ್ಧವಾಗುತ್ತಿತ್ತು. ಇದಕ್ಕೆ ತೊಡಕಾಗುತ್ತಿದ್ದುದು ಆಷಾಢದ ಗಾಳಿ. ಆದ್ದರಿಂದ ಊರುಗೋಲು ಕಟ್ಟುವುದು, ಪಡುವಣ ಮಗ್ಗುಲಿಗೆ ತೆಂಗಿನ ಗರಿ ನೆಡುವುದು ನಾಟಿಯಷ್ಟೇ ಅಗತ್ಯವಾದವು. ಬಾಗಾಯ್ತಿನ ಲೆಕ್ಕ ಬೇರೆ. ಕೆರೆ ಕೋಡಿ ಬೀಳುವುದೋ, ಅಂದರೆ ತುಂಬಿ ಹೆಚ್ಚುವರಿ ನೀರು ಹೊರಹರಿಯುವುದೋ ಇಲ್ಲವೋ ಎಂಬುದು ಹಸ್ತ, ಚಿತ್ತೆ ಮಳೆಗಳ ನಂತರವೇ ತಿಳಿಯುತ್ತಿದ್ದುದರಿಂದ, ತೂಬಿನ ನೀರನ್ನು ನಂಬಿದ ತೋಟಗಾರ ಆ ವರ್ಷದ ಕೆರೆಯ ಮಟ್ಟ ನೋಡಿಕೊಂಡು ಕಾರ್ತೀಕದ ಹೊತ್ತಿಗೆ ನೆಡಬಹುದಾಗಿತ್ತು. ಜೋರುಗಾಳಿ ಅಡಗಿ, ಬಿಸಿಲು ಇನ್ನೂ ಏರದ ಆ ಅವಧಿ ಗಿಡಕ್ಕೆ ಹಿತವೂ ಹೌದು. ಆದರೆ ಅಚ್ಚುಕಟ್ಟಿನ ಜಿಗುಟು ಮಣ್ಣಿನಲ್ಲಿ ಹಸ್ತದ ಮಳೆ ನಡೆಯುತ್ತಿರುವಾಗಲೇ ನೆಟ್ಟರೆ ನೀರು ನಿಂತು ಬೇರು ಕೊಳೆಯುವುದರಿಂದ, ಮಳೆ ನಿಂತು ಮಣ್ಣು ಹದಕ್ಕೆ ಬರುವವರೆಗೆ ಕಾಯಬೇಕಾಗುತ್ತಿತ್ತು. ನೀರನ್ನು ಸರದಿಯಂತೆ ಹಂಚುವ ನೀರುಗಂಟಿಯ ಮಾತು ಇಲ್ಲಿ ಪಂಚಾಂಗದಷ್ಟೇ ತೂಕದ್ದು.

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ವರದಿ ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ ಈ ಭಾಗದ ಅಡಿಕೆ ತೋಟಗಳನ್ನೂ ಸಂತೆಗಳನ್ನೂ ವಿವರಿಸಿದ್ದಾನೆ. ಗುಬ್ಬಿ ಆ ಕಾಲದಲ್ಲೂ ಅನಂತರವೂ ಅಡಿಕೆ, ಕೊಬ್ಬರಿಗಳ ವ್ಯಾಪಾರದ ದೊಡ್ಡ ಕೇಂದ್ರವಾಗಿತ್ತು. ತೋಟದ ಅರಸು ಅಡಿಕೆ ಮತ್ತು ತೆಂಗು. ನಿಂಬೆ, ಹೆರಳೆ, ಮಾದಲಗಳು ಬಾಳೆ, ವೀಳ್ಯದೆಲೆಗಳ ಜೊತೆಗೆ ಅಂಚಿನಲ್ಲಿ ಸ್ಥಾನ ಪಡೆದ ಗಿಡಗಳು. ಮುಖ್ಯ ಬೆಳೆಗೆ ಹರಿಸಿದ ನೀರಿನ ಪಸೆಯಲ್ಲೇ ಅವು ಬದುಕುತ್ತಿದ್ದುದರಿಂದ ಅವುಗಳ ನಾಟಿಯ ಕಾಲವೂ ಅಡಿಕೆ ತೋಟದ ಕೆಲಸದ ಸರದಿಗೆ ಒಳಪಟ್ಟಿತ್ತು. ಉಪ್ಪಿನಕಾಯಿಗೆ, ಗೊಜ್ಜಿಗೆ, ಆಯುಧಪೂಜೆಗೆ, ದೃಷ್ಟಿ ತೆಗೆಯಲು, ದನದ ಔಷಧಕ್ಕೆ ಬೇಕಾದ ಹಣ್ಣನ್ನು ಮನೆಯ ಅಂಗಳ ಮತ್ತು ತೋಟದ ಅಂಚೇ ಪೂರೈಸುತ್ತಿದ್ದ ಕಾಲದಲ್ಲಿ ನಿಂಬೆಯನ್ನೇ ಪ್ರಧಾನ ಬೆಳೆಯಾಗಿ ಬೆಳೆಯುವ ಒತ್ತಡವೂ ಇರಲಿಲ್ಲ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದ ಮೇಲೆ ಬೇಗ ಕೆಡುವ ಹಣ್ಣುಗಳಿಗೂ ದೂರದ ಮಾರುಕಟ್ಟೆ ಸಾಧ್ಯವಾಯಿತು.

ಆ ರೈಲಿಗೆ ಕೆಲವೇ ವರ್ಷ ಮೊದಲು ಬಂದ 1876–78ರ ಮಹಾಕ್ಷಾಮ ಮಳೆಯನ್ನು ನಂಬಿದ ಬೇಸಾಯದ ಮಿತಿಯನ್ನು ಕಠೋರವಾಗಿ ತೋರಿಸಿತ್ತು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಮೇಲಿಂದ ಮೇಲೆ ಮಳೆ ಕೈಕೊಟ್ಟಾಗ ಕೆರೆಯೂ ಬತ್ತುವುದರಿಂದ, ತೋಟಗಳನ್ನು ಉಳಿಸುವ ಕೊನೆಯ ಆಸರೆಯಾಗಿ ಉಳಿಯುತ್ತಿದ್ದುದು ಬಾವಿ. ಎತ್ತು ಹೂಡಿ ಚರ್ಮದ ಬಾನಿಯಿಂದ ನೀರೆತ್ತುವ ಕಪಿಲೆ, ಒಬ್ಬರು ತುಳಿದು ಇನ್ನೊಬ್ಬರು ನೀರು ಸುರಿಯುವ ಏತ ಅದರ ಸಾಧನಗಳು. ಕಪಿಲೆಯ ನೀರು ಎತ್ತಿನ ದುಡಿಮೆಯಿಂದ ಬರುವ ದುಬಾರಿ ನೀರಾದ್ದರಿಂದ ಅದನ್ನು ಹೊಸ ನಾಟಿಗೆ ಸುರಿಯುವ ಬದಲು ಫಲ ಕೊಡುವ ಮರಗಳಿಗೆ ಮೀಸಲಿಡುವುದೇ ವಿವೇಕವಾಗಿತ್ತು. ಎಳೆಯ ಗಿಡಕ್ಕೆ ಮುಂಗಾರನ್ನೇ ಆರಿಸಿಕೊಳ್ಳುವ ರೂಢಿ ಇದರಿಂದ ಇನ್ನಷ್ಟು ಗಟ್ಟಿಯಾಯಿತು.

ನಾಟಿಯ ಕಾಲಕ್ಕೆ ಸಸಿಯ ವಯಸ್ಸನ್ನು ಕೂಡಿಸುವುದೂ ಒಂದು ಕಲೆ. ನಿಂಬೆಯ ಬೀಜ ಒಣಗಿದರೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಒಟ್ಲುಪಾತಿಗೆ, ಅಂದರೆ ಸಸಿ ಎಬ್ಬಿಸುವ ಮಡಿಗೆ, ಹಾಕಬೇಕು. ಮಳೆಗಾಲದ ಹಣ್ಣಿನ ಬೀಜ ಮೊಳೆತು, ನಾಲ್ಕಾರು ತಿಂಗಳ ಸಸಿಯಾಗಿ ಎರಡನೆಯ ಮಡಿಗೆ ಬದಲಾಗಿ, ವರ್ಷ ತುಂಬುವ ಹೊತ್ತಿಗೆ ಮತ್ತೆ ಮುಂಗಾರು ಬಂದಿರುತ್ತದೆ. ನಿಂಬೆಯ ಒಂದೇ ಬೀಜದಿಂದ ಹಲವು ಮೊಳಕೆ ಬರುವುದೂ, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ಹೊತ್ತಿರುವುದೂ ಬೀಜದ ಸಸಿಯ ರೂಢಿ ಉಳಿದುಬರಲು ಕಾರಣ. ಚಕ್ಕೋತಕ್ಕೆ ಈ ಗುಣವಿಲ್ಲವಾದ್ದರಿಂದ, ಕೊಂಬೆಯ ತೊಗಟೆಯನ್ನು ಉಂಗುರದಂತೆ ತೆಗೆದು ಹಸಿ ಮಣ್ಣು, ನಾರು ಕಟ್ಟಿ ಬೇರು ಬರಿಸುವ ಗೂಟಿ ಪದ್ಧತಿ ಅದಕ್ಕೆ ಹೊಂದುತ್ತದೆ. ಅದೂ ಗಾಳಿಯಲ್ಲಿ ತೇವವಿರುವ ಮಳೆಗಾಲದ ಕೆಲಸವೇ. ಬೇಸಿಗೆಯಲ್ಲೇ ಎರಡು ಎರಡೂವರೆ ಅಡಿಯ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟು, ಹೊಂಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ, ಬತ್ತಿದ ಕೆರೆಯಿಂದ ಹೊಡೆದ ಗೋಡನ್ನು ತುಂಬಿ, ಮೊದಲ ಮಳೆಗೆ ಮಣ್ಣು ಕುಸಿದು ಕೂತ ಮೇಲೆ, ಬೇರಿನ ಮಣ್ಣಿನ ಹೆಂಟೆ ಒಡೆಯದಂತೆ ಸಂಜೆಯ ಹೊತ್ತು ನೆಡುವುದು ಕ್ರಮ. ಕೆರೆಯ ಗೋಡು ಸಿಗುವುದು ಕೆರೆ ಬತ್ತಿದಾಗ ಮಾತ್ರ. ಹಾಗಾಗಿ ನಾಟಿ ಯಾವ ಋತುವಿನಲ್ಲಿ ನಡೆದರೂ ಅದರ ಸಿದ್ಧತೆ ಬೇಸಿಗೆಯದ್ದೇ ಆಗಿತ್ತು.

ಪ್ರಪಂಚದ ಬೇರೆ ಭಾಗಗಳಲ್ಲಿ ನಾಟಿಯ ಕಾಲದ ಪ್ರಶ್ನೆಗೆ ಬೇರೆ ಉತ್ತರಗಳಿವೆ. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ 1680ರ ದಶಕದಲ್ಲಿ ಕಟ್ಟಿದ ಕಿತ್ತಳೆ ಮನೆಯೊಳಗೆ ಮರದ ಪೆಟ್ಟಿಗೆಗಳಲ್ಲಿ ನೆಟ್ಟ ಗಿಡಗಳನ್ನು ಅಕ್ಟೋಬರಿನಲ್ಲಿ ಒಳಗಿಟ್ಟು ಮೇ ತಿಂಗಳಲ್ಲಿ ಹೊರತರುವ ಪದ್ಧತಿ ಬೆಳೆಯಿತು. ಅಲ್ಲಿ ಗಿಡದ ಶತ್ರು ಹಿಮವಾದ್ದರಿಂದ ಚಳಿ ಕಳೆದ ವಸಂತವೇ ಸ್ಥಳಾಂತರದ ಕಾಲ. ಅದೇ ವಸಂತ ತುಮಕೂರಿನಲ್ಲಿ ಒಣಗಾಳಿ ಮತ್ತು ಗೆದ್ದಲಿನ ಕಾಲ. ಯುರೋಪಿನ ಕೈಪಿಡಿಯ ತಿಂಗಳನ್ನು ಹಾಗೆಯೇ ಅನುಸರಿಸುವುದು ಇಲ್ಲಿ ಗಿಡ ಕೊಲ್ಲುವ ದಾರಿಯೆಂಬುದು ಇದರಿಂದ ಸ್ಪಷ್ಟ.

ಇಪ್ಪತ್ತನೆಯ ಶತಮಾನದಲ್ಲಿ ಸಂಸ್ಥಾನದ ತೋಟಗಾರಿಕೆ ಲಾಲ್‌ಬಾಗಿನ ಸುತ್ತ ಸಂಘಟಿತವಾಯಿತು. 1908ರಿಂದ 1932ರವರೆಗೆ ಜರ್ಮನ್ ತಜ್ಞ ಜಿ. ಎಚ್. ಕೃಂಬಿಗಲ್, ಅವರ ನಂತರ ಎಚ್. ಸಿ. ಜವರಾಯ, ಮುಂದೆ 1963ರಲ್ಲಿ ಇಲಾಖೆಯ ನಿರ್ದೇಶಕರಾದ ಎಂ. ಎಚ್. ಮರಿಗೌಡ ಇದನ್ನು ಮುನ್ನಡೆಸಿದರು. ಮರಿಗೌಡರ ಕಾಲದಲ್ಲಿ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳೂ ಸಸ್ಯಾಗಾರಗಳೂ ಹರಡಿದವು. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೊಂದು ತುಮಕೂರು ತಾಲ್ಲೂಕಿನ ಹಿರೇಹಳ್ಳಿಯಲ್ಲಿದೆ. ಈ ಸಂಸ್ಥೆಗಳಿಂದ ಬಂದ ದೊಡ್ಡ ಬದಲಾವಣೆ ಕಸಿ ಗಿಡ. ಜಂಬೇರಿ ಅಥವಾ ರಂಗಪುರ ನಿಂಬೆಯ ಬುಡಕ್ಕೆ ಮೂಸಂಬಿ, ಕಿತ್ತಳೆಗಳ ಕಣ್ಣನ್ನು ಕೂರಿಸಿ, ಕಸಿಯ ಗಂಟು ಮಣ್ಣಿಗಿಂತ ಮೇಲೆ ಉಳಿಯುವಂತೆ ನೆಡುವ ಕ್ರಮ ಬಂದಾಗ, ಬುಡದಲ್ಲಿ ಅಂಟು ಸೋರುವ ರೋಗದ ಹಾವಳಿ ತಗ್ಗಿತು. ಮಳೆಗಾಲದ ಎಳೆಚಿಗುರಿಗೆ ರಂಗೋಲಿ ಹುಳುವೂ ಕಜ್ಜಿ ರೋಗವೂ ತಗಲುವುದರಿಂದ ಮುಂಗಾರು ನಾಟಿಗೂ ಅದರದೇ ಬೆಲೆಯಿದೆಯೆಂಬ ಅರಿವು ಮೂಡಿತು. ಎಲ್ಲಕ್ಕಿಂತ ಹೆಚ್ಚಾಗಿ, ಸಸಿಯನ್ನು ಪ್ಲಾಸ್ಟಿಕ್ ಚೀಲದಲ್ಲೇ ಬೆಳೆಸುವ ರೂಢಿ ಬಂದಾಗ ಬೇರು ಹರಿಯುವ ಆಘಾತವೇ ಕಡಿಮೆಯಾಗಿ, ನಾಟಿಯ ಮೇಲೆ ಋತುವಿಗಿದ್ದ ಹಿಡಿತ ಸಡಿಲಗೊಂಡಿತು.

ಆ ಹಿಡಿತವನ್ನು ಇನ್ನಷ್ಟು ಸಡಿಲಿಸಿದ್ದು ವಿದ್ಯುತ್ ಪಂಪು, ಕೊಳವೆಬಾವಿ ಮತ್ತು ಹನಿ ನೀರಾವರಿ. ದಿನಕ್ಕೆ ಕೆಲವು ಲೀಟರ್ ನೀರನ್ನು ಬುಡಕ್ಕೇ ತಲುಪಿಸಲು ಸಾಧ್ಯವಾದ ಮೇಲೆ ಬಾಗಾಯ್ತಿನ ಹಿಂಗಾರು ನಾಟಿ ಖುಷ್ಕಿ ನೆಲಕ್ಕೂ ಬಂತು. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟಿನ ನಾಲೆ ತುಮಕೂರು, ಗುಬ್ಬಿ, ಕುಣಿಗಲ್ ಭಾಗಗಳ ಕೆರೆಗಳಿಗೆ ನೀರು ತಂದಾಗ ಇನ್ನೊಂದು ವಿಚಿತ್ರ ಸ್ಥಿತಿ ಉಂಟಾಯಿತು: ಇಲ್ಲಿನ ಕೆರೆ ತುಂಬುವುದು ಇಲ್ಲಿ ಬಿದ್ದ ಮಳೆಯನ್ನಷ್ಟೇ ಅವಲಂಬಿಸದೆ, ಮೂಡಿಗೆರೆಯ ಸುತ್ತಲಿನ ಮಲೆನಾಡಿನಲ್ಲಿ ಪುನರ್ವಸು, ಪುಷ್ಯ ಮಳೆಗಳು ಹೇಗೆ ಸುರಿದವು ಮತ್ತು ನಾಲೆಗೆ ಯಾವಾಗ ನೀರು ಬಿಟ್ಟರು ಎಂಬುದನ್ನು ಅವಲಂಬಿಸತೊಡಗಿತು. ಕೋಡಿಯನ್ನು ನೋಡಿ ನಾಟಿ ಮಾಡುತ್ತಿದ್ದ ತೋಟಗಾರ ಈಗ ಜಲಾಶಯದ ಮಟ್ಟದ ಸುದ್ದಿಯನ್ನೂ ಓದಬೇಕಾಯಿತು. ಇತ್ತ ಅಂತರ್ಜಲ ಕುಸಿದು ಕೊಳವೆಬಾವಿಗಳು ಬೇಸಿಗೆಯಲ್ಲಿ ಕೈಕೊಡತೊಡಗಿದಾಗ, ಕೊಳವೆಬಾವಿಯನ್ನೇ ನಂಬಿ ಅಕ್ಟೋಬರಿನಲ್ಲಿ ನೆಟ್ಟ ಗಿಡ ಏಪ್ರಿಲಿನಲ್ಲಿ ಒಣಗುವ ಅಪಾಯವೂ ಬಂತು. ಮುಂಗಾರು ನಾಟಿಯ ಹಳೆಯ ಲೆಕ್ಕಕ್ಕೆ ಇದರಿಂದ ಮತ್ತೆ ಬೆಲೆ ಬಂದಿದೆ.

ತುಮಕೂರು ನಗರ ಬೆಳೆದು ಹಿತ್ತಲುಗಳು ನಿವೇಶನಗಳಾದಂತೆ, ಬೆಳೆದು ಫಲ ಕೊಡುತ್ತಿರುವ ಮರವನ್ನೇ ಕಿತ್ತು ಬೇರೆಡೆ ನೆಡುವ ಪ್ರಶ್ನೆ ಮುಂದೆ ಬಂದಿದೆ. ದೊಡ್ಡ ಬೊಡ್ಡೆಯ ಮರಕ್ಕೆ ಮಳೆಗಾಲದ ಆರಂಭವನ್ನು ಹೇಳಿದ ವರಾಹಮಿಹಿರನ ವಿಧಿ ಇಲ್ಲಿ ಹೊಂದುತ್ತದೆ. ಮುಖ್ಯ ಕೊಯ್ಲು ಮುಗಿದ ಮೇಲೆ, ಕೀಳುವುದಕ್ಕೆ ಒಂದೆರಡು ತಿಂಗಳು ಮೊದಲೇ ಬುಡದ ಸುತ್ತ ಹಂತಹಂತವಾಗಿ ಕಾಲುವೆ ತೋಡಿ ಬೇರು ಕತ್ತರಿಸಿ ಒಳಗೆ ಹೊಸ ಎಳೆಬೇರು ಒಡೆಯಲು ಬಿಡುವುದು, ಕಳೆದುಕೊಂಡ ಬೇರಿಗೆ ಸಮನಾಗಿ ಕೊಂಬೆ ಸವರುವುದು, ಹೆಂಟೆಯನ್ನು ಗೋಣಿತಟ್ಟಿನಿಂದ ಬಿಗಿದು ಎತ್ತುವುದು, ಬಿಸಿಲಿಗೆ ತೆರೆದುಕೊಂಡ ಕಾಂಡಕ್ಕೆ ಸುಣ್ಣ ಬಳಿಯುವುದು ಇದರ ಹಂತಗಳು. ಮೊದಲಿನ ದಿಕ್ಕನ್ನೇ ಉಳಿಸಿಕೊಂಡು ನೆಟ್ಟರೆ ನೆರಳಿನಲ್ಲಿದ್ದ ತೊಗಟೆ ಪಡುವಣ ಬಿಸಿಲಿಗೆ ಸುಡುವುದು ತಪ್ಪುತ್ತದೆ ಎಂಬುದರಿಂದ ಆ ಪ್ರಾಚೀನ ಸೂಚನೆಗೂ ಒಂದು ವಿವರಣೆ ದೊರೆಯುತ್ತದೆ.

ಒಟ್ಟಿನಲ್ಲಿ, ಮಳೆಯೊಂದನ್ನೇ ನಂಬಿದ ಕೆಂಪುಮಣ್ಣಿನ ನೆಲಕ್ಕೆ ಮೃಗಶಿರದಿಂದ ಪುಷ್ಯದವರೆಗಿನ ಅವಧಿ, ಬೇಸಿಗೆ ಪೂರ್ತಿ ನೀರು ಖಚಿತವಾಗಿರುವ ತೋಟಕ್ಕೆ ಚಿತ್ತೆಯ ನಂತರದ ತಂಪಿನ ದಿನಗಳು, ಯಾವ ನೆಲಕ್ಕೂ ಬೇಡವಾದದ್ದು ಶಿವರಾತ್ರಿಯಿಂದ ಮುಂಗಾರಿನವರೆಗಿನ ಬಿಸಿಲು ಎಂಬ ತೀರ್ಮಾನಕ್ಕೆ ಈ ಸೀಮೆಯ ಅನುಭವ ಬಂದು ನಿಲ್ಲುತ್ತದೆ. ಮಳೆಯ ಸರದಿ ತಪ್ಪುತ್ತಿರುವ ಈಚಿನ ವರ್ಷಗಳಲ್ಲಿ ನಕ್ಷತ್ರದ ಹೆಸರು ತಾನೇ ಭರವಸೆ ಕೊಡಲಾರದು. ಆದರೆ ಆ ಹೆಸರುಗಳ ಹಿಂದಿದ್ದ ವಿಚಾರಣೆ, ಎಂದರೆ ಮಣ್ಣು ಎಷ್ಟು ಆಳಕ್ಕೆ ನೆನೆದಿದೆ, ಚಿಗುರು ಬಲಿತಿದೆಯೆ, ಬೇಸಿಗೆಯ ನೀರು ಯಾರ ಕೈಯಲ್ಲಿದೆ ಎಂದು ಕೇಳಿಕೊಂಡು ಗುದ್ದಲಿ ಹಿಡಿಯುವ ಕ್ರಮ, ಯಾವ ದಿನಾಂಕಕ್ಕಿಂತಲೂ ಹೆಚ್ಚು ಕಾಲ ಬಾಳುವಂಥದ್ದು.